ಬುಲೆಟ್ ಎಂಜಿನ್ ಇಳಿಸಲು ಹೊರಟವರಿಗೆ: ಎಂಜಿನ್ ಎತ್ತುವುದೋ, ಗಾಡಿಯನ್ನೇ ಎತ್ತುವುದೋ?

ಬಾವಿಯ ರಾಟೆಗೂ ಬುಲೆಟ್ಟಿನ ಎಂಜಿನ್ನಿಗೂ ಆಗಿಬರುವುದಿಲ್ಲ. ಇದು ನನಗೆ ಗೊತ್ತಾದದ್ದು ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಮನೆಯ ಹಳೆ ಹಟ್ಟಿಯಲ್ಲಿ. ಹಸುಗಳು ಹೋದ ಮೇಲೆ ಆ ಹಟ್ಟಿ ಸ್ಕೂಟರು, ಮದ್ದು ಬಿಡುವ ಪಂಪು, ಹರಿದ ಗೋಣಿಗಳ ಜಾಗ. ಅಲ್ಲಿಯ ಅಡ್ಡ ಮರಕ್ಕೆ ರಾಟೆ ಕಟ್ಟಿ, ನೈಲಾನ್ ಹಗ್ಗವನ್ನು ಎಂಜಿನ್ನಿನ ಬೋರಿಗೆ, ಅಂದರೆ ಸಿಲಿಂಡರಿಗೆ, ಸುತ್ತಿ, ನಾನೂ ಭಾವನೂ ಎಳೆದೆವು. ಎಂಜಿನ್ ಎದ್ದಿತು. ಎದ್ದು, ಫ್ರೇಮಿನ ಮೇಲಿನ ಪೈಪಿಗೆ ತಲೆ ತಾಗಿಸಿ ನಿಂತಿತು. ಮುಂದೆ ಹೋಗಲು ಜಾಗವಿಲ್ಲ. ಹಗ್ಗ ಹಿಡಿದ ಇಬ್ಬರೂ ಕೈ ಬಿಡುವಂತಿಲ್ಲ. ಎಂಜಿನ್ನಿನ ಹತ್ತಿರ ಹೋಗಿ ಪಕ್ಕಕ್ಕೆ ಎಳೆಯಲು ಮೂರನೆಯವರಿಲ್ಲ.

ಅಮ್ಮನನ್ನು ಕೂಗಿದೆವು. ಅಮ್ಮ ಬಂದು ನೋಡಿ, ಒಂದು ಮಾತೂ ಆಡದೆ, ಸೌದೆ ಒಡೆಯುವ ಕೊರಡನ್ನು ಉರುಳಿಸಿಕೊಂಡು ಬಂದು ಎಂಜಿನ್ನಿನ ಅಡಿಗೆ ತಳ್ಳಿದರು. ನಾವು ಹಗ್ಗ ಸಡಿಲ ಬಿಟ್ಟೆವು. ಎಂಜಿನ್ ಕೊರಡಿನ ಮೇಲೆ ಕೂತಿತು. ಬೋರಿನ ಸುತ್ತ ಗಾಳಿ ತಾಗಲು ಇರುವ ಪಟ್ಟಿಗಳಲ್ಲಿ, ಅಂದರೆ ಫಿನ್‌ಗಳಲ್ಲಿ, ಒಂದು ಹಗ್ಗದ ಎಳೆತಕ್ಕೆ ಪಟ್ಟಂತ ಮುರಿದಿತ್ತು. ಬೀಡುಕಬ್ಬಿಣ ಬಗ್ಗುವುದಿಲ್ಲ, ಮುರಿಯುತ್ತದೆ ಅಷ್ಟೆ.

ಆಮೇಲೆ ಅದೇ ಗಾಡಿಯ ಎಂಜಿನ್ನನ್ನು ಎರಡು ಸಲ ಇಳಿಸಿ ಏರಿಸಿದ್ದೇನೆ, ಗೆಳೆಯರದ್ದಕ್ಕೂ ಕೈ ಹಾಕಿದ್ದೇನೆ. ಬೇರೆ ಬೇರೆ ದಾರಿಗಳನ್ನು ನೋಡಿಯಾಯಿತು. ಯಾವುದು ಯಾರಿಗೆ ಸರಿ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಯಾವ ಗಾಡಿಯ ಮಾತು

ರಾಯಲ್ ಎನ್‌ಫೀಲ್ಡಿನ ಹಳೆಯ ಕಾಸ್ಟ್ ಐರನ್ (ಬೀಡುಕಬ್ಬಿಣದ ಬೋರಿನ) ಬುಲೆಟ್ 350. ಮದರಾಸಿನಲ್ಲಿ 1955ರಿಂದ ಜೋಡಿಸಲು ಶುರು ಮಾಡಿ, ಹೆಚ್ಚೇನೂ ಬದಲಾಯಿಸದೆ ದಶಕಗಟ್ಟಲೆ ಮಾಡಿದ ಗಾಡಿ. 346 ಸಿಸಿ, ಬೋರಿನ ಒಳ ಅಗಲ 70 ಮಿಲಿಮೀಟರ್, ಪಿಸ್ಟನ್ ಓಡುವ ಉದ್ದ, ಅಂದರೆ ಸ್ಟ್ರೋಕ್, 90 ಮಿಲಿಮೀಟರ್. ಅಗಲಕ್ಕಿಂತ ಉದ್ದ ಜಾಸ್ತಿ. ಒಳಗೆ ದೊಡ್ಡ ಎರಡು ಫ್ಲೈವೀಲ್‌ಗಳಿವೆ. ಆ ನಿಧಾನದ ಡುಗ್‌ಡುಗ್ ಸದ್ದಿಗೆ ಅವೂ ಒಂದು ಕಾರಣ, ನಮ್ಮ ಸೊಂಟ ನೋವಿಗೂ ಅವೇ ಕಾರಣ. ಹೆಡ್, ಬೋರು, ಗೇರ್‌ಬಾಕ್ಸ್ ಎಲ್ಲ ಸೇರಿ ಎತ್ತಿದರೆ 50 ಕಿಲೋದ ಸಿಮೆಂಟ್ ಚೀಲಕ್ಕೆ ಕಡಿಮೆಯಿಲ್ಲದ ಭಾರ. ಚೀಲವಾದರೆ ಹೆಗಲಿಗೆ ಹೊಂದಿಕೊಳ್ಳುತ್ತದೆ. ಇದಕ್ಕೆ ಎಲ್ಲ ಕಡೆ ಮೂಲೆ, ಎಲ್ಲ ಕಡೆ ಎಣ್ಣೆ.

ಮೈಸೂರಿನ ಐಡಿಯಲ್ ಜಾವಾದ ಯೆಜ್ಡಿ ಇದ್ದವರು ಈ ಬರಹವನ್ನು ಇಲ್ಲಿಗೇ ನಿಲ್ಲಿಸಬಹುದು. 250 ಸಿಸಿಯ ಟೂ ಸ್ಟ್ರೋಕ್, ವಾಲ್ವಿಲ್ಲ, ವಾಲ್ವು ಒತ್ತುವ ರಾಕರ್ ಇಲ್ಲ. ಗಟ್ಟಿ ಇರುವ ಒಬ್ಬರು, ಪಕ್ಕದಲ್ಲಿ ಹಿಡಿದುಕೊಳ್ಳಲು ಇನ್ನೊಬ್ಬರು, ಸಾಕು. ಡೀಸೆಲ್ ಬುಲೆಟ್ ಇದ್ದವರು ಮಾತ್ರ ನಾನು ಹೇಳುವುದಕ್ಕಿಂತ ಒಂದು ಪಾಲು ಜಾಸ್ತಿ ಎಚ್ಚರ ಇಟ್ಟುಕೊಳ್ಳಿ.

ಇಳಿಸಲೇಬೇಕಾ?

ಇದನ್ನು ಮೊದಲು ಕೇಳಿಕೊಳ್ಳಿ. ನನ್ನ ಮೊದಲ ಸಲದ ಸಾಹಸ ಪೂರ್ತಿ ವ್ಯರ್ಥ. ಹೊಗೆ ಬರುತ್ತಿತ್ತು ಅಂತ ಎಂಜಿನ್ ಇಳಿಸಿದೆ. ರಿಂಗ್ ಸವೆದಿತ್ತು. ಅದಕ್ಕೆ ಇಳಿಸುವ ಅಗತ್ಯವೇ ಇರಲಿಲ್ಲ.

ಬುಲೆಟ್ಟಿನಲ್ಲಿ ಹೆಡ್, ವಾಲ್ವ್, ಬೋರು, ಪಿಸ್ಟನ್, ರಿಂಗ್, ಕ್ಲಚ್, ಎಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಪ್ರೈಮರಿ ಚೈನ್, ಟೈಮಿಂಗ್ ಬದಿಯ ಹಲ್ಲುಚಕ್ರಗಳು, ಎಣ್ಣೆ ಪಂಪು, ಎಲ್ಲವನ್ನೂ ಎಂಜಿನ್ ಫ್ರೇಮಿನಲ್ಲೇ ಇರುವಾಗ ಬಿಚ್ಚಬಹುದು. ಪೆಟ್ರೋಲ್ ಟಾಂಕಿ ತೆಗೆದರೆ ಕೈಗೆ ಜಾಗ ಬೇಕಾದಷ್ಟು. ಇಳಿಸಬೇಕಾಗುವುದು ಚೇಂಬರ್, ಅಂದರೆ ಕ್ರ್ಯಾಂಕ್ ಕೂತಿರುವ ಕೆಳಗಿನ ಪೆಟ್ಟಿಗೆ, ಬಿಡಿಸಬೇಕಾದಾಗ ಮಾತ್ರ. ಅಂದರೆ ಕ್ರ್ಯಾಂಕ್, ಕನೆಕ್ಟಿಂಗ್ ರಾಡಿನ ಕೆಳಗಿನ ಬುಷ್, ಮೇನ್ ಬೇರಿಂಗ್ ಹೋದಾಗ, ಇಲ್ಲವೇ ಚೇಂಬರ್ ಒಡೆದಾಗ.

ರಾಡಿನ ಬುಷ್ ಹೋಗಿದೆಯಾ ಅಂತ ನೋಡುವುದು ಸುಲಭ. ಹೆಡ್ಡು, ಬೋರು ತೆಗೆಯಿರಿ. ರಾಡನ್ನು ಪೂರ್ತಿ ಮೇಲೆ ತನ್ನಿ. ಎರಡೂ ಕೈಯಲ್ಲಿ ಹಿಡಿದು ನೇರ ಮೇಲಕ್ಕೆ, ಕೆಳಕ್ಕೆ ಎಳೆಯಿರಿ. ಟಕ್ ಟಕ್ ಅಂದರೆ ಹೋಗಿದೆ. ಅಡ್ಡಕ್ಕೆ ಸ್ವಲ್ಪ ಅಲುಗಾಡುವುದು ಸಹಜ, ಅದಕ್ಕೆ ಹೆದರಬೇಡಿ. ರಾಡ್ ಗಟ್ಟಿ ಇದ್ದರೆ ಬೋರು ಮಾತ್ರ ಗೋಣಿಯಲ್ಲಿ ಸುತ್ತಿ ಲೇತಿನ ಕೆಲಸಕ್ಕೆ ಕಳಿಸಿ, ಚೇಂಬರಿನ ಬಾಯಿಗೆ ಚೊಕ್ಕ ಬಟ್ಟೆ ತುರುಕಿ, ಗಾಡಿಯನ್ನು ಹಾಗೇ ಬಿಡಿ.

ಇಳಿಸುವುದೇ ಆದರೆ: ಎಂಜಿನ್ ಒಂದೇ, ಅಥವಾ ಗೇರ್‌ಬಾಕ್ಸ್ ಸಮೇತ?

ಇಲ್ಲಿ ದಾರಿ ಎರಡಾಗುತ್ತದೆ. ಬುಲೆಟ್ಟಿನ ಗೇರ್‌ಬಾಕ್ಸ್ ಬೇರೆಯೇ ಒಂದು ಡಬ್ಬಿ. ಅದು ಚೇಂಬರಿನ ಹಿಂಬದಿಗೆ ಸ್ಟಡ್‌ಗಳಿಂದ ಅಂಟಿಕೊಂಡಿರುತ್ತದೆ. ಎರಡನ್ನೂ ಒಟ್ಟಿಗೆ ತೆಗೆದರೆ ಬಿಚ್ಚುವ ಕೆಲಸ ಕಡಿಮೆ, ಹೊರುವ ಕೆಲಸ ಜಾಸ್ತಿ. ಎಂಜಿನ್ ಒಂದನ್ನೇ ತೆಗೆಯಬೇಕಾದರೆ ಎಡಗಡೆಯ ಫುಟ್‌ರೆಸ್ಟ್, ಬ್ರೇಕ್ ಪೆಡಲ್ ತೆಗೆದು, ಪ್ರೈಮರಿ ಕವರ್ ಬಿಚ್ಚಿ, ಚೈನು, ಕ್ಲಚ್ಚು, ಎಂಜಿನ್ ಸ್ಪ್ರಾಕೆಟ್ ಎಲ್ಲ ಕಳಚಬೇಕು. ಆಲ್ಟರ್ನೇಟರ್ ಇರುವ ಗಾಡಿಯಾದರೆ ಅದರ ವಯರೂ ಅಲ್ಲೇ ಇದೆ. ಕವರ್ ಎಳೆಯುವ ಭರದಲ್ಲಿ ಅದನ್ನು ಕಿತ್ತುಬಿಡಬೇಡಿ.

ನಾನು ಎಂಜಿನ್ ಒಂದನ್ನೇ ತೆಗೆಯುವ ಪಕ್ಷ. ಕಾರಣ ತೂಕ ಮಾತ್ರ ಅಲ್ಲ. ಚೇಂಬರ್ ಬಿಡಿಸಲು ಆ ಪ್ರೈಮರಿ ಬದಿಯನ್ನು ಹೇಗೂ ಬಿಚ್ಚಲೇಬೇಕು. ಅದನ್ನು ಮೇಜಿನ ಮೇಲೆ ಮಾಡಲು ಹೋದರೆ ಎಂಜಿನ್ ಸ್ಪ್ಯಾನರಿನ ಜೊತೆ ತಾನೂ ಸುತ್ತುತ್ತದೆ. ಫ್ರೇಮಿನಲ್ಲಿದ್ದಾಗ ಟಾಪ್ ಗೇರಿಗೆ ಹಾಕಿ, ಇನ್ನೊಬ್ಬರು ಹಿಂದಿನ ಬ್ರೇಕ್ ಒತ್ತಿ ಹಿಡಿದರೆ, ಎಷ್ಟು ಬಿಗಿಯಾದ ನಟ್ಟೂ ಬರುತ್ತದೆ. ಹಾಗಾಗಿ ಬ್ರೇಕ್ ಪೆಡಲ್ ಕಳಚುವ ಮೊದಲೇ ಯಾವ ಯಾವ ನಟ್ಟಿಗೆ ಈ ಉಪಾಯ ಬೇಕು ಅಂತ ಲೆಕ್ಕ ಹಾಕಿಕೊಳ್ಳಿ. ಪೆಡಲ್ ಹೋದ ಮೇಲೆ ಬ್ರೇಕಿನ ರಾಡನ್ನೇ ಎಳೆದು ಕಟ್ಟಬೇಕಾಗುತ್ತದೆ. ನಾನು ಬೈರಾಸಿನಿಂದ (ಟವೆಲಿನಿಂದ) ಕಟ್ಟಿದ್ದೆ. ಚಂದ ಕಾಣುವುದಿಲ್ಲ, ಕೆಲಸ ಆಗುತ್ತದೆ.

ಇನ್ನೂ ಒಂದು. ಬುಲೆಟ್ಟಿನ ಫ್ರೇಮ್ ಕೆಳಗಡೆ ತೆರೆದಿದೆ. ಮುಂದಿನ ಪೈಪ್ ಬಂದು ಎಂಜಿನ್ನಿನ ಮೂಗಿನ ಹತ್ತಿರ ಮುಗಿಯುತ್ತದೆ. ಅಲ್ಲಿಂದ ಹಿಂದಿನವರೆಗೆ ಸೇತುವೆಯಾಗಿ ನಿಂತಿರುವುದು ಎಂಜಿನ್ನೇ. ಅದನ್ನು ತೆಗೆದರೆ ಸೇತುವೆ ಹೋದ ಹಾಗೆ. ಗೇರ್‌ಬಾಕ್ಸ್ ಮತ್ತು ಅದರ ಪ್ಲೇಟುಗಳು ಅಲ್ಲೇ ಇದ್ದರೆ ಗಾಡಿಯ ಹಿಂಭಾಗವಾದರೂ ಗಟ್ಟಿಯಾಗಿ ಕೂತಿರುತ್ತದೆ. ಸೆಂಟರ್ ಸ್ಟ್ಯಾಂಡ್ ಒಂದನ್ನೇ ನಂಬಬೇಡಿ. ಎಂಜಿನ್ ಹೋದ ಕೂಡಲೇ ತೂಕವೆಲ್ಲ ಹಿಂದಕ್ಕೆ ವಾಲುತ್ತದೆ. ಮುಂದಿನ ಪೈಪಿನ ಅಡಿಗೆ ಒಂದು ಮರದ ತುಂಡು, ಹಿಂದಿನ ಚಕ್ರದ ಅಡಿಗೆ ಒಂದು ಹಲಗೆ, ಹ್ಯಾಂಡಲಿಗೆ ಎರಡೂ ಬದಿಯಿಂದ ಹಗ್ಗ. ಇಷ್ಟು ಮಾಡಿ ಆಮೇಲೆ ಕೊನೆಯ ಬೋಲ್ಟಿಗೆ ಕೈ ಹಾಕಿ.

ಕೈಯಲ್ಲೇ ಎತ್ತುವುದು

ಇಬ್ಬರು ಗಟ್ಟಿಗರಿದ್ದರೆ ಆಗುತ್ತದೆ. ನಮ್ಮಲ್ಲಿ ಅಡಿಕೆ ಮೂಟೆ ಹೊತ್ತು ಅಭ್ಯಾಸ ಇರುವವರಿಗೆ ಇದೇನು ಮಹಾ ಅನಿಸುವುದೂ ಸಹಜ. ಆದರೆ ಮೂಟೆ ಎತ್ತುವಾಗ ಅದರ ಮೇಲೆ ಬಗ್ಗಿ ನಿಲ್ಲಬಹುದು. ಇಲ್ಲಿ ಗಾಡಿಯ ಎರಡು ಬದಿಯಲ್ಲಿ ನಿಂತು, ಕೈ ಮುಂದಕ್ಕೆ ಚಾಚಿ ಎತ್ತಬೇಕು. ಪೂರ್ತಿ ಭಾರ ಸೊಂಟಕ್ಕೇ. ಹೆಡ್ಡು, ಬೋರು ಮೊದಲೇ ತೆಗೆದಿದ್ದರೆ ಸ್ವಲ್ಪ ವಾಸಿ. ಬೋರು ಬೀಡುಕಬ್ಬಿಣದ್ದಾದ್ದರಿಂದ ಅದು ಹೋದರೆ ಭಾರ ಚೆನ್ನಾಗಿಯೇ ಇಳಿಯುತ್ತದೆ.

ಇಳಿಸುವಾಗ ಈ ದಾರಿ ನಡೆದೀತು. ಏರಿಸುವಾಗ ನಡೆಯುವುದಿಲ್ಲ. ಭಾರ ಹಿಡಿದುಕೊಂಡೇ ತೂತಿಗೆ ತೂತು ಕೂಡಿಸಬೇಕು, ಒಂದು ಕೂದಲಿನಷ್ಟು ಮೇಲೆ, ಒಂದು ಕೂದಲಿನಷ್ಟು ಕೆಳಗೆ. ಕೈ ನಡುಗಲು ಶುರುವಾಗುವುದೇ ಆಗ. ಒಬ್ಬರು "ಬಂತು ಬಂತು" ಅನ್ನುತ್ತಾರೆ, ಇನ್ನೊಬ್ಬರು ಬೆರಳು ಹಾಕಿ ನೋಡುತ್ತಾರೆ. ಆ ತೂತಿಗೆ ಯಾವತ್ತೂ ಬೆರಳು ಹಾಕಬೇಡಿ. ಎಂಜಿನ್ ಒಂದಿಂಚು ಜಾರಿದರೆ ಕತ್ತರಿಯ ಹಾಗೆ.

ಯಾವ ದಾರಿಯನ್ನಾದರೂ ಅಳೆಯುವಾಗ ನಾನು ಇಟ್ಟುಕೊಂಡ ಅಳತೆಗೋಲು ಇದೇ: ಇಳಿಸಲು ಸುಲಭವಾ ಅಂತಲ್ಲ, ಏರಿಸುವಾಗ ಅರ್ಧ ದಾರಿಯಲ್ಲಿ ನಿಲ್ಲಿಸಿ ಚಹಾ ಕುಡಿದು ಬರಬಹುದಾ ಅಂತ.

ರಾಟೆ ಮತ್ತು ಹಗ್ಗ

ಬೇಡ. ಒಂದೇ ರಾಟೆ ಎಳೆತದ ದಿಕ್ಕನ್ನು ಬದಲಾಯಿಸುತ್ತದೆ, ಭಾರವನ್ನು ಒಂದು ತೊಲವೂ ಕಡಿಮೆ ಮಾಡುವುದಿಲ್ಲ. ಕೈ ಬಿಟ್ಟರೆ ಹಿಡಿದು ನಿಲ್ಲಿಸುವುದೂ ಇಲ್ಲ. ಚಹಾದ ಪರೀಕ್ಷೆಯಲ್ಲಿ ಇದು ಮೊದಲ ನಿಮಿಷದಲ್ಲೇ ನಪಾಸು.

ಚೈನ್ ಬ್ಲಾಕ್

ಬೋರ್‌ವೆಲ್ ಪಂಪು ಎತ್ತುವವರ ಹತ್ತಿರ, ಕಲ್ಲು ಕೆಲಸದವರ ಹತ್ತಿರ, ದೊಡ್ಡ ಗ್ಯಾರೇಜುಗಳಲ್ಲಿ ಇದು ಇರುತ್ತದೆ. ಒಂದು ಟನ್ನಿನದು ನಮ್ಮ ಕೆಲಸಕ್ಕೆ ಧಾರಾಳ. ಕೈಚೈನು ಎಳೆದಷ್ಟೇ ಏಳುತ್ತದೆ, ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಒಂದು ಕೊಂಡಿಯಷ್ಟು ಎಳೆದರೆ ಮಿಲಿಮೀಟರ್ ಲೆಕ್ಕದಲ್ಲಿ ಏರುತ್ತದೆ, ಇಳಿಯುತ್ತದೆ. ಚಹಾ ಏನು, ಊಟ ಮಾಡಿಯೂ ಬರಬಹುದು.

ತೊಂದರೆ ಎರಡು. ಮೊದಲನೆಯದು, ಎಲ್ಲಿಗೆ ಕಟ್ಟುವುದು? ನಮ್ಮ ಕಡೆಯ ಹಂಚಿನ ಮನೆಗಳ ಪಕ್ಕಾಸುಗಳು ಹಂಚು ಹೊರಲಿಕ್ಕೆ ಇರುವಂಥವು. ಅಡ್ಡ ತೊಲೆಯಾದರೆ ಪರವಾಗಿಲ್ಲ, ಆದರೆ ಗೆದ್ದಲು ಹಿಡಿದಿದೆಯಾ ಅಂತ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಒಳಗೆ ಇಳಿದರೆ ಆ ಮರ ಬೇಡ. ಗಟ್ಟಿ ಅನಿಸಿದರೂ ಎರಡು ಸಿಮೆಂಟ್ ಚೀಲದ ಭಾರ ತೂಗಿಸಿ ಒಂದು ರಾತ್ರಿ ಬಿಟ್ಟು ನೋಡಿ. ತೊಲೆ ನಂಬಿಕೆಗೆ ಬಾರದಿದ್ದರೆ ಮೂರು ದಪ್ಪ ಜಿಐ ಪೈಪಿನ ಮುಕ್ಕಾಲಿ ಮಾಡಿ, ಕಾಲುಗಳು ಹೊರಕ್ಕೆ ಜಾರದ ಹಾಗೆ ಬುಡದಲ್ಲಿ ಸರಪಳಿ ಸುತ್ತಿ. ಗಾಡಿಯನ್ನು ಮುಕ್ಕಾಲಿಯ ಒಳಗೆ ತಂದ ಮೇಲೆ ಎಂಜಿನ್ ಹೊರಗೆ ಹೋಗಲು ದಾರಿ ಉಳಿದಿದೆಯಾ ಅಂತಲೂ ನೋಡಿ. ಇದು ತಮಾಷೆಯಲ್ಲ. ಒಬ್ಬ ಗೆಳೆಯನ ಮನೆಯಲ್ಲಿ ಎಲ್ಲ ಸರಿಯಾಗಿ ಎತ್ತಿದೆವು, ಮುಕ್ಕಾಲಿಯ ಕಾಲು ಅಡ್ಡ ಬಂದು ಎಂಜಿನ್ ಹೊರಗೆ ಬರಲೇ ಇಲ್ಲ.

ಎರಡನೆಯದು, ನಾನು ಮೊದಲೇ ಹೇಳಿದ್ದು: ಎಂಜಿನ್ನಿನ ನೆತ್ತಿಯ ಮೇಲೆ ಫ್ರೇಮಿನ ಪೈಪಿದೆ. ಮೇಲಿಂದ ಎಷ್ಟು ಒಳ್ಳೆಯ ಚೈನ್ ಬ್ಲಾಕ್ ಎಳೆದರೂ ಎಂಜಿನ್ ಮೇಲಕ್ಕೆ ಹೋಗುವುದಿಲ್ಲ. ಅದು ಪಕ್ಕದಿಂದಲೇ ಬರಬೇಕು. ಮೇಲಿಂದ ತೂಗುತ್ತಿರುವ ವಸ್ತುವನ್ನು ಪಕ್ಕಕ್ಕೆ ಎಳೆದರೆ ಎಂಜಿನ್ನಿಗೆ ಕಟ್ಟಿದ ಬೆಲ್ಟು ಪೈಪಿಗೆ ಸಿಕ್ಕಿಕೊಳ್ಳುತ್ತದೆ, ಬಣ್ಣ ಕೆರೆಯುತ್ತದೆ, ಕೊನೆಗೆ ಉಯ್ಯಾಲೆಯಾಗುತ್ತದೆ.

ಇದನ್ನು ನನಗೆ ಬಿಡಿಸಿ ಹೇಳಿದ್ದು ಉಪ್ಪಳದ ಕಡೆಯ ಒಬ್ಬರು ಹಳೆ ಮೆಕ್ಯಾನಿಕ್. ನಾವೆಲ್ಲ ಇಚ್ಚ ಅಂತಲೇ ಕರೆಯುವುದು. "ಎಂಜಿನ್ ಯಾಕೆ ಎತ್ತುತ್ತೀರಿ? ಅದು ಭಾರದ್ದು, ಅದು ಕೂತಿರಲಿ. ಗಾಡಿ ಎತ್ತಿ, ಅದು ಬರೀ ಪೈಪಲ್ವಾ" ಅಂದರು. ಅವರು ಹೇಳಿದ್ದು ಮಲಯಾಳದಲ್ಲಿ, ಅದರ ಗತ್ತು ಇಲ್ಲಿ ಬರುವುದಿಲ್ಲ.

ಹಾಗಾಗಿ ಚೈನ್ ಬ್ಲಾಕ್ ಇದ್ದರೆ ಅದನ್ನು ಫ್ರೇಮಿಗೆ ಹಾಕಿ. ಅಗಲದ ಬೆಲ್ಟನ್ನು ಹ್ಯಾಂಡಲಿನ ಕುತ್ತಿಗೆಗೆ ಒಂದು, ಸೀಟಿನ ಅಡಿಯ ಪೈಪಿಗೆ ಒಂದು ಕಟ್ಟಿ, ಗಾಡಿಯನ್ನು ತೂಗಿ ಹಿಡಿಯಿರಿ. ಎಂಜಿನ್ ಕೆಳಗೆ ಹಲಗೆಯ ಮೇಲೆ ಕೂತಿರಲಿ. ಬೋಲ್ಟು ಬಿಗಿ ಅನಿಸಿದಾಗ ಫ್ರೇಮನ್ನು ಒಂದು ಕೊಂಡಿ ಮೇಲೆ, ಒಂದು ಕೊಂಡಿ ಕೆಳಗೆ ಮಾಡಿದರೆ ಬೋಲ್ಟು ಬೆರಳಲ್ಲೇ ಬರುವ ಕ್ಷಣ ಒಂದಿದೆ. ಆ ಕ್ಷಣ ಸಿಕ್ಕಿದರೆ ಸುತ್ತಿಗೆಯ ಕೆಲಸವೇ ಇಲ್ಲ.

ಎಂಜಿನ್ ಕ್ರೇನ್

ಕಾರಿನ ಎಂಜಿನ್ ಎತ್ತುವ, ಚಕ್ರ ಇರುವ ಹೈಡ್ರಾಲಿಕ್ ಕ್ರೇನು. ನೋಡಲಿಕ್ಕೆ ಚಂದ. ಬಾಡಿಗೆಗೆ ಬೇಕಾದರೆ ನಮಗೆ ಮಂಗಳೂರಿನವರೆಗೆ ಹೋಗಬೇಕು. ಅದರ ಸಣ್ಣ ಚಕ್ರಗಳಿಗೆ ನಯವಾದ ಸಿಮೆಂಟ್ ನೆಲ ಬೇಕು, ಸೆಗಣಿ ಸಾರಿಸಿದ ಅಂಗಳದಲ್ಲಿ ಅವು ಒಂದಡಿಯೂ ಉರುಳುವುದಿಲ್ಲ. ಫ್ರೇಮಿನ ಪೈಪಿನ ತೊಂದರೆ ಇದಕ್ಕೂ ತಪ್ಪಿದ್ದಲ್ಲ. ಮನೆಯ ಪಕ್ಕದಲ್ಲೇ ಯಾರದ್ದಾದರೂ ಇದ್ದರೆ ಸರಿ, ಇಲ್ಲದಿದ್ದರೆ ಆಸೆ ಬಿಡಿ.

ಕೆಳಗಿಂದ: ಜ್ಯಾಕ್, ಹಲಗೆ, ಹಾಳೆ

ಒಬ್ಬರೇ ಇದ್ದು, ತೊಲೆಯೂ ಇಲ್ಲ, ಚೈನ್ ಬ್ಲಾಕೂ ಇಲ್ಲ ಅನ್ನುವವರಿಗೆ ನನ್ನ ಉತ್ತರ ಇದು. ಎರಡನೆಯ ಸಲ ನಾನು ಮಾಡಿದ್ದು ಹೀಗೆಯೇ, ಹೆಚ್ಚಿನ ಕೆಲಸ ಒಬ್ಬನೇ.

ಯಾವ ಜ್ಯಾಕ್? ಲಾರಿಯವರ ಬಾಟಲ್ ಜ್ಯಾಕಿಗೆ ಶಕ್ತಿ ಬೇಕಾದಷ್ಟಿದೆ, ಆದರೆ ತಲೆ ಸಣ್ಣದು. ಎಂಜಿನ್ ಅದರ ಮೇಲೆ ಕೋಲಿನ ತುದಿಯ ತಟ್ಟೆಯ ಹಾಗೆ ಕೂರುತ್ತದೆ. ಹಳೆಯದಾದರೆ ಒಳಗಿನ ಸೀಲು ಸೋತು ತಾನಾಗಿ ಮೆಲ್ಲ ಇಳಿಯುತ್ತದೆ. ಅದಕ್ಕಿಂತ ಮಾರುತಿ ಕಾರಿನ ಡಿಕ್ಕಿಯಲ್ಲಿರುವ ಕತ್ತರಿ ಜ್ಯಾಕ್ ಒಳ್ಳೆಯದು. ಅದು ಸ್ಕ್ರೂವಿನ ಮೇಲೆ ನಡೆಯುವಂಥದ್ದು. ಎಲ್ಲಿ ನಿಲ್ಲಿಸಿದಿರೋ ಅಲ್ಲೇ ನಿಲ್ಲುತ್ತದೆ. ಕಾಲು ಸುತ್ತು ತಿರುಗಿಸಿದರೆ ಕೂದಲಿನಷ್ಟು ಏಳುತ್ತದೆ.

ಜ್ಯಾಕಿನ ಮೇಲೆ ಸುಮಾರು ಒಂದೂವರೆ ಅಡಿ ಉದ್ದದ ದಪ್ಪ ಹಲಗೆ. ಚೇಂಬರಿನ ತಳ ಸಪಾಟಾಗಿಲ್ಲ, ಅಲ್ಲಿ ಡ್ರೈನ್ ಬೋಲ್ಟುಗಳಿವೆ. ಭಾರವೆಲ್ಲ ಆ ಬೋಲ್ಟಿನ ಮೇಲೆ ಬಿದ್ದರೆ ಅದರ ಕಣ್ಣು ಒಡೆಯುತ್ತದೆ. ಆದ್ದರಿಂದ ಹಲಗೆಯ ಮೇಲೆ ಎರಡು ಮರದ ಪಟ್ಟಿ ಹೊಡೆದು, ನಡುವೆ ಬೋಲ್ಟಿಗೆ ಜಾಗ ಬಿಡಿ. ಇದನ್ನು ಎಂಜಿನ್ ಇಳಿಸುವ ಹಿಂದಿನ ದಿನವೇ ಅಳತೆ ತೆಗೆದು ಮಾಡಿ ಇಟ್ಟುಕೊಳ್ಳಿ. ಇಳಿಸಿದ ಮೇಲೆ ಎಂಜಿನ್ನಿಗೆ ಅದೇ ಪೀಠ.

ಇನ್ನು ಹಾಳೆ. ಎಂಜಿನ್ ಒಂದನ್ನೇ ತೆಗೆಯುವುದಾದರೆ ಅದು ಮೊದಲು ಗೇರ್‌ಬಾಕ್ಸಿನ ಸ್ಟಡ್‌ಗಳಿಂದ ಬಿಡಿಸಿಕೊಳ್ಳಲು ಮುಂದಕ್ಕೆ ಸರಿಯಬೇಕು, ಆಮೇಲೆ ಪಕ್ಕಕ್ಕೆ. ಮರದ ಮೇಲೆ ಚೇಂಬರಿನ ಅಲ್ಯೂಮಿನಿಯಂ ಸರಿಯುವುದಿಲ್ಲ, ಕಚ್ಚುತ್ತದೆ. ಸಣ್ಣವರಿದ್ದಾಗ ಅಡಿಕೆ ಹಾಳೆಯಲ್ಲಿ ಕೂತು ಎಳೆಸಿಕೊಂಡದ್ದು ನೆನಪಿದೆ ಅಲ್ವಾ? ಅದೇ ಉಪಾಯ. ಪೀಠದ ಅಡಿಗೆ, ದೊಡ್ಡ ಹಲಗೆಯ ಮೇಲೆ, ಒಂದು ಒಣ ಹಾಳೆ ಬೋರಲು ಹಾಕಿ. ನಯವಾದ ಬದಿ ಹಲಗೆಗೆ ತಾಗುವ ಹಾಗೆ. ಎಂಜಿನ್ ಎರಡು ಬೆರಳಿಗೆ ಸರಿಯುತ್ತದೆ ಅಂತ ಹೇಳಿದರೆ ಜಾಸ್ತಿಯಾದೀತು, ಒಬ್ಬರ ಎರಡು ಕೈಗೆ ಧಾರಾಳವಾಗಿ ಸರಿಯುತ್ತದೆ. ಹಾಳೆಯ ಇನ್ನೊಂದು ತುಂಡನ್ನು ಫ್ರೇಮಿನ ಮುಂದಿನ ಪೈಪಿಗೆ ಸುತ್ತಿ ಕಟ್ಟಿ, ಬಣ್ಣ ಉಳಿಯುತ್ತದೆ.

ಜ್ಯಾಕಿನ ಪಕ್ಕದಲ್ಲಿ ಆಧಾರಕ್ಕೆ ಮರದ ತುಂಡುಗಳನ್ನೇ ಪೇರಿಸಿ. ಎಲ್ಲ ಮನೆಯ ಹಿತ್ತಿಲಲ್ಲೂ ನಾಲ್ಕು ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ಬಿದ್ದಿರುತ್ತದೆ, ಕೈ ಅದಕ್ಕೇ ಹೋಗುತ್ತದೆ. ಬೇಡ. ಗೋಡೆಯಲ್ಲಿ ಅದು ಗಟ್ಟಿ, ಒಂಟಿಯಾಗಿ ಮೂಲೆಯ ಮೇಲೆ ಭಾರ ಬಿದ್ದರೆ ಪುಡಿಯಾಗುತ್ತದೆ. ಆ ಕೆಂಪು ಪುಡಿ ಬಿಚ್ಚಿಟ್ಟ ಎಂಜಿನ್ನಿನೊಳಗೆ ಹೋದರೆ ಬೇರಿಂಗ್ ತಿನ್ನುತ್ತದೆ.

ಈ ದಾರಿಯ ಕೊರತೆ ಒಂದೇ, ನಿಧಾನ. ಜ್ಯಾಕ್ ಸ್ವಲ್ಪ ಇಳಿಸು, ಪಟ್ಟಿ ತೆಗೆ, ಮತ್ತೆ ಸ್ವಲ್ಪ ಇಳಿಸು. ಅರ್ಧ ದಿನ ಬೇಕು.

ಗಾಡಿಯನ್ನೇ ಮಲಗಿಸುವುದು

ಕೇಳಿದವರೆಲ್ಲ ಮೊದಲು ನಗುತ್ತಾರೆ. ನಾನೂ ನಕ್ಕಿದ್ದೆ. ಎಂಜಿನ್ ಗೇರ್‌ಬಾಕ್ಸ್ ಸಮೇತ ತೆಗೆಯುವುದಾದರೆ, ಇಬ್ಬರು ಇದ್ದರೆ, ಇದರಷ್ಟು ಸುಲಭದ ದಾರಿ ಇನ್ನೊಂದಿಲ್ಲ.

ಟಾಂಕಿ, ಸೀಟು, ಬ್ಯಾಟರಿ, ಸೈಲೆನ್ಸರು, ಕಾರ್ಬೊರೇಟರು, ಕಿಕ್ಕರು, ಗೇರ್ ಪೆಡಲು, ಫುಟ್‌ರೆಸ್ಟು, ಎಲ್ಲ ತೆಗೆಯಿರಿ. ಎಣ್ಣೆ ಪೂರ್ತಿ ಇಳಿಸಿ. ಬುಲೆಟ್ಟಿಗೆ ಬೇರೆ ಎಣ್ಣೆ ಟಾಂಕಿ ಇಲ್ಲ, ಅದು ಚೇಂಬರಿನೊಳಗೇ ಒಂದು ಕೋಣೆ. ಡ್ರೈನ್ ಬೋಲ್ಟು ಒಂದಕ್ಕಿಂತ ಜಾಸ್ತಿ ಇವೆ, ಒಂದು ಬಿಚ್ಚಿ ಖಾಲಿಯಾಯಿತು ಅಂದುಕೊಳ್ಳಬೇಡಿ. ಗೇರ್‌ಬಾಕ್ಸು, ಪ್ರೈಮರಿ ಇವುಗಳ ಎಣ್ಣೆಯೂ ಬೇರೆ ಬೇರೆ. ಬಿಟ್ಟರೆ ಮಲಗಿಸಿದ ಮೇಲೆ ಎಲ್ಲಿಂದೆಲ್ಲ ಬರುತ್ತದೋ ಹೇಳಲಿಕ್ಕಾಗುವುದಿಲ್ಲ.

ನೆಲದ ಮೇಲೆ ಎರಡು ಹಳೆ ಕಾರ್ ಟೈರು, ಅದರ ಮೇಲೆ ಗೋಣಿ. ಇಬ್ಬರೂ ಹಿಡಿದು ಗಾಡಿಯನ್ನು ಮೆಲ್ಲ ಒರಗಿಸಿ, ಎಂಜಿನ್ ಟೈರಿನ ಮೇಲೆ ಬರುವ ಹಾಗೆ ಮಲಗಿಸಿ. ಈಗ ಭಾರದ ಎಂಜಿನ್ ಟೈರಿನಲ್ಲಿ ಮಗುವಿನ ಹಾಗೆ ಮಲಗಿದೆ. ಮೇಲೆ ಕಾಣುವ ಬದಿಯ ಪ್ಲೇಟು ಬಿಚ್ಚಿ, ಉದ್ದ ಬೋಲ್ಟುಗಳನ್ನು ಎಳೆದು, ಹೆಡ್ಡನ್ನು ಫ್ರೇಮಿಗೆ ಹಿಡಿದಿರುವ ಪಟ್ಟಿಯನ್ನು ಬಿಡಿಸಿ. ಕೊನೆಗೆ ಇಬ್ಬರೂ ಮುಂದೆ ಒಬ್ಬರು, ಹಿಂದೆ ಒಬ್ಬರು ನಿಂತು ಫ್ರೇಮನ್ನು ಮೇಲಕ್ಕೆ ಎತ್ತಿ. ಎಂಜಿನ್ ಅಲ್ಲೇ ಇರುತ್ತದೆ, ಗಾಡಿ ಎದ್ದು ಬರುತ್ತದೆ. ಚಕ್ರಗಳನ್ನೂ ಮೊದಲೇ ತೆಗೆದಿದ್ದರೆ ಫ್ರೇಮ್ ಹಗುರ, ತಿರುಗಿಸಲೂ ಸುಲಭ.

ಏರಿಸುವಾಗ ಇದರ ನಿಜವಾದ ಗುಣ ಕಾಣುತ್ತದೆ. ಎಂಜಿನ್ ಅಲುಗಾಡುವುದಿಲ್ಲ. ಹಗುರದ ಫ್ರೇಮನ್ನು ಅದರ ಮೇಲೆ ಇಳಿಸಿ, ಬೇಕಾದ ಹಾಗೆ ಸರಿಸಿ, ಬೋಲ್ಟು ತೂರಿಸಿ. ಎಲ್ಲ ಬೋಲ್ಟು ಹೋದ ಮೇಲೆ ಇಬ್ಬರೂ ಸೇರಿ ನಿಲ್ಲಿಸಿ. ನಿಲ್ಲಿಸುವಾಗ ಮೂವರಾದರೆ ಒಳ್ಳೆಯದು, ಆಗ ಪೂರ್ತಿ ಭಾರ ಬರುತ್ತದೆ.

ಯಾರಿಗೆ ಬೇಡ? ಹೊಸದಾಗಿ ಬಣ್ಣ ಹೊಡೆಸಿದವರಿಗೆ. ಎಷ್ಟು ಗೋಣಿ ಹಾಸಿದರೂ ಎಲ್ಲೋ ಒಂದು ಗೀರು ಬೀಳುತ್ತದೆ. ಮುಂದಿನ ಫೋರ್ಕಿನ ಸೀಲು ಹಳೆಯದಾದವರಿಗೂ, ಎಣ್ಣೆ ಒಸರುತ್ತದೆ.

ವರ್ಕ್‌ಶಾಪಿಗೆ ಕೊಡುವುದು

ಇದೂ ಒಂದು ದಾರಿಯೇ, ನಾಚಿಕೆ ಪಡಬೇಕಾಗಿಲ್ಲ. ಆದರೆ ಕೊಡುವ ಮೊದಲು ಚೇಂಬರಿನ ಮೇಲೆ ಕೊರೆದ ಎಂಜಿನ್ ನಂಬರಿನ ಫೋಟೋ ತೆಗೆದುಕೊಳ್ಳಿ. ಒಂದು 'ಒಳ್ಳೆಯ' ಚೇಂಬರ್ ಸಿಕ್ಕಿತು ಅಂತ ಬದಲಾಯಿಸಿ ಹಾಕಿಬಿಟ್ಟರೆ, ಆರ್‌ಸಿಯಲ್ಲಿರುವ ನಂಬರಿಗೂ ಗಾಡಿಗೂ ತಾಳೆಯಾಗುವುದಿಲ್ಲ. 15 ವರ್ಷ ಕಳೆದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕಲ್ಲ, ಆಗ ನಮ್ಮ ಕೆಎಲ್ 14ರ, ಅಂದರೆ ಕಾಸರಗೋಡಿನ, ಆರ್‌ಟಿಒ ಕಚೇರಿಯಲ್ಲಿ ಬೆವರುವವರು ನೀವೇ. ಎಂಜಿನ್ ಮನೆಯಲ್ಲೇ ಇಳಿಸಿ, ಕ್ರ್ಯಾಂಕ್ ಮಾತ್ರ ಲೇತಿನವರಿಗೆ ಕೊಡುವುದು ನನಗೆ ಇಷ್ಟ. ಕ್ರ್ಯಾಂಕ್ ಒತ್ತಿ ಕೂರಿಸಿ, ಓಲಾಡದೆ ನೇರ ಸುತ್ತುತ್ತದೆಯಾ ಅಂತ ನೋಡುವುದು ಮನೆಯ ಕೆಲಸವಲ್ಲ.

ಯಾವಾಗ, ಎಲ್ಲಿ

ಅಡಿಕೆ ಒಣಗುವ ತಿಂಗಳುಗಳಲ್ಲಿ ಅಂಗಳ ನಿಮ್ಮದಲ್ಲ. ಆಗ ಅಲ್ಲಿ ಎಣ್ಣೆ ಚೆಲ್ಲಿದರೆ ಏನಾಗುತ್ತದೆ ಅಂತ ಬರೆಯಬೇಕಾಗಿಲ್ಲ. ಮಳೆಗಾಲದಲ್ಲಿ ಬಿಡುವು ಜಾಸ್ತಿ, ಆಟಿಯಲ್ಲಂತೂ (ಜೋರು ಮಳೆಯ ತುಳು ತಿಂಗಳು) ಸುಮ್ನೆ ಕೂರಬೇಕು, ಎಂಜಿನ್ ಬಿಚ್ಚುವ ಆಸೆ ಬರುವುದೂ ಆಗಲೇ. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಊರು ಇದು. ಬಿಚ್ಚಿಟ್ಟ ಬೀಡುಕಬ್ಬಿಣದ ಬೋರಿಗೆ ರಾತ್ರಿ ಕಳೆಯುವುದರೊಳಗೆ ಕೆಂಪು ಬಂದಿರುತ್ತದೆ. ಒಳಗೋಡೆಗೆ ಎಂಜಿನ್ ಎಣ್ಣೆ ದಪ್ಪಗೆ ಸವರಿ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಅಡುಗೆಮನೆಯ ಒಲೆಯ ಹತ್ತಿರದ ಗೂಡಿನಲ್ಲಿ ಇಡಿ. ಮನೆಯವರ ಒಪ್ಪಿಗೆ ಕೇಳಿಯೇ ಇಡಿ.

ಕೂರಿಸುವಾಗ

ಸ್ಪ್ಯಾನರಿನ ವಿಷಯ ಮೊದಲೇ ಹೇಳಬೇಕಿತ್ತು. ಹಳೆ ಬುಲೆಟ್ಟಿನಲ್ಲಿ ಇಂಚಿನ ಅಳತೆಯ ನಟ್ಟುಗಳಿವೆ. ಮಿಲಿಮೀಟರ್ ಸ್ಪ್ಯಾನರ್ ಅಂದಾಜಿಗೆ ಕೂರುತ್ತದೆ, ಎರಡು ಸಲ ಜಾರುತ್ತದೆ, ಮೂರನೆಯ ಸಲ ನಟ್ಟು ಉರುಟಾಗುತ್ತದೆ. ಸರಿಯಾದ ರಿಂಗ್ ಸ್ಪ್ಯಾನರ್ ಸೆಟ್ ಹುಡುಕಿ ತಂದೇ ಕೆಲಸ ಶುರು ಮಾಡಿ.

ಯಾವ ದಾರಿಯಿಂದ ಏರಿಸಿದರೂ ಮೊದಲ ಬೋಲ್ಟು ಹೋದ ಖುಷಿಗೆ ಅದನ್ನು ಬಿಗಿ ಮಾಡಬೇಡಿ. ಎಲ್ಲ ಬೋಲ್ಟುಗಳನ್ನೂ ಕೈಯಲ್ಲಿ ಹಾಕಿ, ನಟ್ಟು ಎರಡೆರಡು ಸುತ್ತು ಹತ್ತಿಸಿ, ಎಂಜಿನ್ ತಾನಾಗಿ ಕೂರಲಿ. ಆಮೇಲೆ ಬಿಗಿ. ತೂತಿಗೆ ತೂತು ನೋಡಲು ಬೆರಳಿನ ಬದಲು ತುದಿ ಚೂಪಾದ ಕಬ್ಬಿಣದ ಸರಳು ಇಟ್ಟುಕೊಳ್ಳಿ. ಅದನ್ನು ತೂರಿಸಿ ಸ್ವಲ್ಪ ಮೀಟಿದರೆ ಎಂಜಿನ್ ತಾನೇ ದಾರಿಗೆ ಬರುತ್ತದೆ. ಹೆಡ್ಡಿನ ಪಟ್ಟಿ ಎಲ್ಲಕ್ಕಿಂತ ಕೊನೆಗೆ. ಅದು ತಾನಾಗಿ ಹೊಂದದಿದ್ದರೆ ಎಳೆದು ಬಿಗಿಯಬೇಡಿ, ಅಡಿಗೆ ವಾಷರ್ ಕೊಡಿ.

ಎಣ್ಣೆ ತುಂಬಿದ ಮೇಲೆ ಪ್ಲಗ್ ತೆಗೆದು, ರಾಕರಿಗೆ ಹೋಗುವ ಸಣ್ಣ ಎಣ್ಣೆ ಪೈಪಿನ ಮೇಲಿನ ಬೋಲ್ಟನ್ನು ಸಡಿಲ ಮಾಡಿ, ಕಿಕ್ ಹೊಡೆಯುತ್ತಾ ಇರಿ. ಅಲ್ಲಿ ಎಣ್ಣೆ ಜಿನುಗುವವರೆಗೆ. ಇಪ್ಪತ್ತು ಕಿಕ್ಕಿಗೆ ಬರದಿದ್ದರೆ ಇನ್ನೂ ಇಪ್ಪತ್ತು. ಅದು ಬಂದ ಮೇಲೆಯೇ ಪ್ಲಗ್ ಹಾಕಿ ಸ್ಟಾರ್ಟ್ ಮಾಡುವುದು.

ಮೊದಲ 100 ಕಿಲೋಮೀಟರ್ ಆದ ಮೇಲೆ ಎಂಜಿನ್ ತಣ್ಣಗಿರುವಾಗ ಪ್ಲೇಟುಗಳ ನಟ್ಟೆಲ್ಲ ಇನ್ನೊಮ್ಮೆ ನೋಡಿ. ನನ್ನ ಗಾಡಿಯಲ್ಲಿ ಮುಂದಿನ ಪ್ಲೇಟಿನ ಎರಡು ನಟ್ಟುಗಳು ಕಾಲು ಸುತ್ತು ತಿರುಗಿದವು. ಉಳಿದವು ಇದ್ದಲ್ಲೇ ಇದ್ದವು.